ಮಕ್ಕಳ ಕಥೆಗಳಲ್ಲಿ ಮಾಯಾವಿದ್ಯೆ: ಧಾರ್ಮಿಕ ಆಕ್ಷೇಪಕ್ಕೆ ಕೊಡಬೇಕಾದ ಉತ್ತರ ಯಾವುದು?

ಅಕ್ಷರಬೀಜ:

ಮಕ್ಕಳ ಕಾದಂಬರಿಗಳಲ್ಲಿ ಮಾಟಗಾರರು, ಮಾಯಾದಂಡಗಳು, ಮಂತ್ರಗಳು ಬಂದಾಗ ಧರ್ಮಶ್ರದ್ಧೆಯುಳ್ಳ ಕೆಲವು ತಂದೆತಾಯಿಗಳು ಆಕ್ಷೇಪಿಸುತ್ತಾರೆ. ‘ಅದು ಬರೀ ಕಥೆ, ಅಷ್ಟೇಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ’ ಎಂಬುದೇ ಅವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಕಥೆಗಳು ಮಕ್ಕಳಿಗೆ ಕರುಣೆ ಕಲಿಸುತ್ತವೆ, ಧೈರ್ಯ ತುಂಬುತ್ತವೆ ಎಂದು ಹೇಳಿಕೊಂಡು ಬರುವವರು ನಾವೇ. ಅದೇ ಕಥೆ ಬೇಡದ್ದನ್ನೂ ಕಲಿಸೀತು ಎಂದು ಒಬ್ಬರು ಆತಂಕಪಟ್ಟ ಕೂಡಲೇ ಕಥೆಗೆ ಅಷ್ಟೆಲ್ಲ ಶಕ್ತಿಯಿಲ್ಲ ಎಂದು ಮಾತು ಬದಲಿಸುವುದು ನ್ಯಾಯವಲ್ಲ.

ಆಕ್ಷೇಪದ ಬೇರು ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ಬೈಬಲಿನ ಧರ್ಮೋಪದೇಶಕಾಂಡದ 18ನೆಯ ಅಧ್ಯಾಯದಲ್ಲಿ ಕಣಿ ಹೇಳುವವರು, ಶಕುನ ನೋಡುವವರು, ಮಾಟ ಮಾಡುವವರು, ಸತ್ತವರನ್ನು ವಿಚಾರಿಸುವವರು ನಿಮ್ಮಲ್ಲಿ ಇರಬಾರದು ಎಂಬ ಸ್ಪಷ್ಟ ನಿಷೇಧವಿದೆ. ಸಮುವೇಲನ ಮೊದಲ ಗ್ರಂಥದ 28ನೆಯ ಅಧ್ಯಾಯದಲ್ಲಿ ಯುದ್ಧದ ಹಿಂದಿನ ರಾತ್ರಿ ಸೌಲ ರಾಜನು ವೇಷ ಮರೆಸಿಕೊಂಡು ಏಂದೋರಿನ ಹೆಂಗಸಿನ ಬಳಿಗೆ ಹೋಗಿ, ತೀರಿಕೊಂಡ ಸಮುವೇಲನನ್ನು ಎಬ್ಬಿಸಿಕೊಡು ಎಂದು ಬೇಡುತ್ತಾನೆ. ಅಲ್ಲಿ ಮಾಟ ಸುಳ್ಳು ಎಂದು ಗ್ರಂಥ ಹೇಳುವುದಿಲ್ಲ. ದೇವರು ಕೊಡದ ಉತ್ತರವನ್ನು ಬೇರೆ ಬಾಗಿಲಲ್ಲಿ ನಿಂತು ಕೇಳಿದ್ದೇ ಅವನ ಅಪರಾಧ. ಆದುದರಿಂದ ‘ಮಾಟವೆಂಬುದೇ ಇಲ್ಲವಲ್ಲ’ ಎಂಬ ಸಮಾಧಾನ ನಂಬಿಕೆಯುಳ್ಳ ತಾಯಿಯೊಬ್ಬಳ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಕಥೆಯೊಳಗೆ ಬರುವ ಮಾಯೆಯೆಲ್ಲವೂ ಈ ನಿಷೇಧದ ಅಡಿಯಲ್ಲಿ ಬರುತ್ತದೆಯೇ ಎಂಬುದು ನನ್ನ ಪ್ರಶ್ನೆ. ಬರುವುದಿಲ್ಲವಾದರೆ ಬೇರ್ಪಡಿಸುವ ಗೆರೆ ಯಾವುದು? ಆಕ್ಷೇಪಿಸುವವರೂ ಒಪ್ಪದವರೂ ಇಲ್ಲಿದ್ದೀರಿ ಎಂದು ಬಲ್ಲೆ. ಇಬ್ಬರ ಮಾತನ್ನೂ ಕೇಳಬೇಕೆಂಬ ಆಸೆಯಿಂದ ಇದನ್ನು ಆರಂಭಿಸಿದ್ದೇನೆ.

ಪುಸ್ತಕಕಪಾಟು:

ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವವಳಾಗಿ, ಈ ಆಕ್ಷೇಪ ನಡೆದುಬಂದ ದಾರಿಯನ್ನು ಮೊದಲು ಹೇಳುತ್ತೇನೆ; ಅದು ಗೊತ್ತಿಲ್ಲದೆ ಗೆರೆ ಎಳೆಯುವುದು ಕಷ್ಟ.

ಇದು ಹ್ಯಾರಿ ಪಾಟರ್‌ನಿಂದ ಶುರುವಾದದ್ದಲ್ಲ. 1962ರಲ್ಲಿ ಬಂದ ಮ್ಯಾಡಲಿನ್ ಲೆಂಗಲ್ ಅವರ ‘ಎ ರಿಂಕಲ್ ಇನ್ ಟೈಮ್’ ಕಾದಂಬರಿಯನ್ನು ಸ್ವತಃ ಕ್ರೈಸ್ತ ಶ್ರದ್ಧೆಯ ಲೇಖಕಿಯೇ ಬರೆದಿದ್ದರೂ, ಅದರಲ್ಲಿ ಸ್ಫಟಿಕದ ಗೋಳವನ್ನು ನೋಡಿ ಕಣಿ ಹೇಳುವವಳಿದ್ದಾಳೆ, ಮಾಟಗಾತಿಯರಂಥವರಿದ್ದಾರೆ ಎಂದು ಅಮೆರಿಕದಲ್ಲಿ ಅನೇಕ ಕಡೆ ವಿರೋಧ ಬಂತು. 1980ರ ದಶಕದಲ್ಲಿ ಟೆನೆಸಿ ರಾಜ್ಯದ ಹಾಕಿನ್ಸ್ ಕೌಂಟಿಯ ಕೆಲವು ಕುಟುಂಬಗಳು ಶಾಲೆಯ ಓದಿನ ಪಠ್ಯಮಾಲೆಯಲ್ಲಿದ್ದ ಮಾಯಾಕಥೆಗಳು ತಮ್ಮ ನಂಬಿಕೆಗೆ ವಿರುದ್ಧವೆಂದೂ, ತಮ್ಮ ಮಕ್ಕಳಿಗೆ ಆ ಪಾಠಗಳಿಂದ ವಿನಾಯಿತಿ ಬೇಕೆಂದೂ ನ್ಯಾಯಾಲಯಕ್ಕೆ ಹೋದವು; 1900ರಲ್ಲಿ ಪ್ರಕಟವಾದ ಓಜ್ ಮಾಂತ್ರಿಕನ ಕಥೆಯೂ ಅವರು ಆಕ್ಷೇಪಿಸಿದ ಪಾಠಗಳಲ್ಲಿ ಒಂದು. 1986ರಲ್ಲಿ ಕೆಳಗಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಒಂದು ವಿಚಾರವನ್ನು ಓದಿಸುವುದೂ ಅದನ್ನು ನಂಬಲು ಒತ್ತಾಯಿಸುವುದೂ ಒಂದೇ ಅಲ್ಲ ಎಂದಿತು.

ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕ ಬ್ರಿಟನ್ನಿನಲ್ಲಿ 1997ರಲ್ಲಿ, ಅಮೆರಿಕದಲ್ಲಿ 1998ರಲ್ಲಿ ಬಂತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರತಿವರ್ಷ ಪ್ರಕಟಿಸುವ, ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ 1999ರಿಂದ 2002ರವರೆಗೂ ಈ ಸರಣಿಯೇ ಮೊದಲ ಸ್ಥಾನದಲ್ಲಿತ್ತು. ಆ ಪಟ್ಟಿಯಲ್ಲಿರುವುದು ಆಕ್ಷೇಪಗಳ ಲೆಕ್ಕವೇ ಹೊರತು ನಿಷೇಧಗಳ ಲೆಕ್ಕವಲ್ಲ. ಮಕ್ಕಳ ಪುಸ್ತಕಗಳ ಬಗ್ಗೆ ಮಾತನಾಡುವವರು ಎರಡನ್ನೂ ಬೆರೆಸಿಬಿಡುವುದನ್ನು ಬಹಳ ನೋಡಿದ್ದೇನೆ.

ಈಗ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಿ. ಅರ್ಕಾನ್ಸಾ ರಾಜ್ಯದ ಸೀಡರ್‌ವಿಲ್ ಎಂಬ ಸಣ್ಣ ಊರಿನ ಶಾಲಾ ಮಂಡಳಿ 2002ರಲ್ಲಿ ಮೂರಕ್ಕೆ ಎರಡು ಮತಗಳಿಂದ, ಹ್ಯಾರಿ ಪಾಟರ್ ಪುಸ್ತಕಗಳನ್ನು ತೆರೆದ ಕಪಾಟಿನಿಂದ ತೆಗೆದಿಡಬೇಕು, ತಂದೆ ಅಥವಾ ತಾಯಿಯ ಸಹಿಯಿರುವ ಅನುಮತಿ ತಂದ ಮಕ್ಕಳಿಗೆ ಮಾತ್ರ ಕೊಡಬೇಕು ಎಂದು ತೀರ್ಮಾನಿಸಿತು. ಶಾಲೆಯ ಗ್ರಂಥಾಲಯ ಸಮಿತಿ ಅದಕ್ಕೂ ಮೊದಲು ಪುಸ್ತಕಗಳನ್ನು ಪರಿಶೀಲಿಸಿ, ಇರಲಿ ಎಂದು ಶಿಫಾರಸು ಮಾಡಿತ್ತು. ಮೇಲ್ನೋಟಕ್ಕೆ ಇದು ಮೃದುವಾದ ಏರ್ಪಾಡಿನಂತೆ ಕಾಣುತ್ತದೆ. ಪುಸ್ತಕ ಶಾಲೆಯಲ್ಲೇ ಇದೆ, ಒಂದು ಸಹಿ ತಂದರಾಯಿತು. ಆದರೆ ಮಗುವಿನ ಎತ್ತರದಲ್ಲಿ ನಿಂತು ಯೋಚಿಸಿ. ಮಿಕ್ಕೆಲ್ಲ ಪುಸ್ತಕಗಳನ್ನು ತಾನೇ ಕೈಚಾಚಿ ತೆಗೆದುಕೊಳ್ಳುವ ಹುಡುಗಿ ಇದೊಂದನ್ನು ಮಾತ್ರ ಮೇಜಿನ ಬಳಿ ಬಂದು ಎಲ್ಲರೆದುರು ಕೇಳಬೇಕು. ಕೇಳಿದ ಕ್ಷಣದಿಂದ ‘ಕೆಟ್ಟ ಪುಸ್ತಕ’ ಓದುವವಳು ಎಂಬ ಹಣೆಪಟ್ಟಿ ಅವಳಿಗೆ ಅಂಟುತ್ತದೆ. 2003ರಲ್ಲಿ ಫೆಡರಲ್ ನ್ಯಾಯಾಲಯ ಈ ಕಳಂಕವನ್ನೂ ಹೊರೆಯೆಂದೇ ಪರಿಗಣಿಸಿ, ಪುಸ್ತಕಗಳನ್ನು ಮತ್ತೆ ತೆರೆದ ಕಪಾಟಿಗೆ ಸೇರಿಸಲು ಆದೇಶಿಸಿತು.

ನನ್ನ ಕೆಲಸದ ಅನುಭವದಿಂದ ಹೇಳುವುದಾದರೆ, ಮೇಜಿನ ಬಳಿ ಬಂದು ‘ಇದು ನಮ್ಮ ಮಗುವಿಗೆ ಬೇಡ, ಬೇರೇನಾದರೂ ಕೊಡಿ’ ಎನ್ನುವ ತಂದೆತಾಯಿಗಳೊಂದಿಗೆ ನನಗೆ ಯಾವ ತಕರಾರೂ ಇಲ್ಲ. ಬೇರೆಯದನ್ನು ಹುಡುಕಿಕೊಡುವುದು ನನಗೆ ಸಂತೋಷದ ಕೆಲಸ. ‘ಯಾರ ಮಗುವಿಗೂ ಬೇಡ’ ಎಂದಾಗ ಮಾತ್ರ ನಾನು ಒಪ್ಪಲಾರೆ.

ದೀಪಸ್ತಂಭ:

ನಾನು ಆಕ್ಷೇಪಿಸುವವರ ಸಾಲಿನಲ್ಲಿ ನಿಲ್ಲುವ ಕ್ರೈಸ್ತ ತಾಯಿ. ಅಕ್ಷರಬೀಜ ಅವರು ಪ್ರಶ್ನೆಯನ್ನು ಗೌರವದಿಂದ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಮೊದಲಿಗೆ, ನಾನು ಪುಸ್ತಕ ಸುಡುವವರ ಪರ ಅಲ್ಲ. 2001ರ ಕೊನೆಯಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊದಲ್ಲಿ ಒಂದು ಚರ್ಚ್, 2019ರಲ್ಲಿ ಪೋಲೆಂಡಿನಲ್ಲಿ ಕೆಲವು ಪಾದ್ರಿಗಳು ಈ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಹಾಗೆ ಮಾಡುವವರು ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯವನ್ನು ತೋರಿಸುವುದುಂಟು. ಆದರೆ ಆ ವಾಕ್ಯಗಳನ್ನು ನಿಧಾನವಾಗಿ ಓದಬೇಕು. ಎಫೆಸದಲ್ಲಿ ಮಾಟಮಂತ್ರ ನಡೆಸುತ್ತಿದ್ದವರೇ ಮನಸ್ಸು ತಿರುಗಿಸಿಕೊಂಡು, ಐವತ್ತು ಸಾವಿರ ಬೆಳ್ಳಿ ನಾಣ್ಯ ಬೆಲೆಬಾಳುವ ತಮ್ಮ ಸ್ವಂತ ಗ್ರಂಥಗಳನ್ನು ತಾವೇ ತಂದು ಸುಟ್ಟರು. ಅವು ಮಾಟ ಮಾಡಲು ಬಳಸುತ್ತಿದ್ದ ಗ್ರಂಥಗಳು, ಮಕ್ಕಳ ಕಥೆಗಳಲ್ಲ. ನೆರೆಯವನ ಮನೆಯಿಂದ ತಂದವೂ ಅಲ್ಲ. ಈ ವ್ಯತ್ಯಾಸವನ್ನು ನಮ್ಮವರೇ ಮರೆತಾಗ ನನಗೆ ನಿಜವಾಗಿಯೂ ನೋವಾಗುತ್ತದೆ. ಹಾಗೆಯೇ, 2000ದಲ್ಲಿ ಒಂದು ವಿಡಂಬನಾ ಪತ್ರಿಕೆ ಬರೆದ ಕಲ್ಪಿತ ಲೇಖನವನ್ನು, ಮಕ್ಕಳು ಸೈತಾನನ ಆರಾಧನೆಗೆ ಇಳಿದಿದ್ದಾರೆ ಎಂಬ ನಿಜವಾದ ಸುದ್ದಿಯೆಂದು ನಂಬಿ ಅನೇಕರು ಇಮೇಲಿನಲ್ಲಿ ಹಂಚಿದರು. ಸತ್ಯವನ್ನು ಪ್ರೀತಿಸಬೇಕಾದವರು ಪರೀಕ್ಷಿಸದೆ ಹಂಚಿದ ಆ ಒಂದು ಲೇಖನ ನಮ್ಮ ಗಂಭೀರ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳದಂತೆ ಮಾಡಿತು.

ಈಗ ನನ್ನ ಆಕ್ಷೇಪ. ಕಥೆ ಓದಿದ ಮರುದಿನ ಮಗು ಮಾಟ ಮಾಡಲು ಕೂರುತ್ತದೆ ಎಂದು ನಾನು ಹೆದರುವುದಿಲ್ಲ. ಯಾವುದು ಸರಿ, ಯಾವುದು ತಪ್ಪು ಎಂದು ಮಗು ಬುದ್ಧಿಯಿಂದ ತೂಗುವುದಕ್ಕೆ ಬಹಳ ಮೊದಲೇ, ಯಾವುದು ಆಕರ್ಷಕ ಎಂಬುದನ್ನು ಅದರ ಮನಸ್ಸು ನಿರ್ಧರಿಸಿಬಿಟ್ಟಿರುತ್ತದೆ. ಕಣಿ ಹೇಳುವುದು ಒಂದು ಶಾಲಾ ವಿಷಯವಾಗಿ, ಮಾಟ ಒಂದು ಪ್ರತಿಭೆಯಾಗಿ, ಅದನ್ನು ತಿಳಿಯದವರು ಮಂದಬುದ್ಧಿಯವರಾಗಿ ಏಳು ಪುಸ್ತಕಗಳ ಉದ್ದಕ್ಕೂ ಕಾಣಿಸಿಕೊಂಡರೆ, ಧರ್ಮೋಪದೇಶಕಾಂಡದ ಆ ವಾಕ್ಯವನ್ನು ಮಗು ಓದುವ ಹೊತ್ತಿಗೆ ಅದರ ತೂಕವೇ ಇಳಿದುಹೋಗಿರುತ್ತದೆ. ಮುಂದೆ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್ 2003ರಲ್ಲಿ ಜರ್ಮನ್ ಲೇಖಕಿಯೊಬ್ಬರಿಗೆ ಬರೆದ ಪತ್ರದಲ್ಲಿ ಹೇಳಿದ ಚಿಂತೆ ಇದೇ: ಗಮನಕ್ಕೆ ಬಾರದಂತೆ ಕೆಲಸ ಮಾಡುವ ಸೂಕ್ಷ್ಮ ಸೆಳೆತಗಳು ಶ್ರದ್ಧೆ ಸರಿಯಾಗಿ ಬೆಳೆಯುವ ಮೊದಲೇ ಅದನ್ನು ಒಳಗಿನಿಂದ ಕೆಡಿಸುತ್ತವೆ. ಅದು ಖಾಸಗಿ ಪತ್ರ, ಚರ್ಚಿನ ಆಜ್ಞೆಯಲ್ಲ ಎಂಬುದನ್ನು ಬಲ್ಲೆ. ಅದೇ ವರ್ಷ ವ್ಯಾಟಿಕನ್ನಿನ ಒಂದು ಪತ್ರಿಕಾಗೋಷ್ಠಿಯಲ್ಲಿ ಪಾದ್ರಿಯೊಬ್ಬರು ಈ ಪುಸ್ತಕಗಳ ಪರವಾಗಿ ಮಾತನಾಡಿದ್ದೂ ಗೊತ್ತು. ಆದರೂ ಪತ್ರದ ಚಿಂತೆ ನನಗೆ ಸರಿಯೆನಿಸುತ್ತದೆ.

ಕೆನಡಾದ ಕ್ಯಾಥೊಲಿಕ್ ಕಾದಂಬರಿಕಾರ ಮೈಕೆಲ್ ಓಬ್ರಿಯನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪಶ್ಚಿಮದ ಕಥಾಪರಂಪರೆಯಲ್ಲಿ ಘಟಸರ್ಪ, ಅಂದರೆ ಡ್ರ್ಯಾಗನ್, ಕೇಡಿನ ಗುರುತಾಗಿತ್ತು. ಹೊಸ ಕಥೆಗಳು ಅದನ್ನು ಮುದ್ದಿನ ಪ್ರಾಣಿಯಾಗಿ ಮಾಡಿದಾಗ ಮಗುವಿನ ಮನಸ್ಸಿನಲ್ಲಿ ಒಳಿತು ಕೆಡುಕುಗಳ ಗುರುತುಗಳೇ ಅದಲುಬದಲಾಗುತ್ತವೆ ಎಂಬುದು ಅವರ ವಾದ. ಇದನ್ನು ಪೂರ್ತಿ ಒಪ್ಪದವರೂ ಸುಲಭವಾಗಿ ತಳ್ಳಿಹಾಕಲಾರರು.

ಹಳೆಯ ಓದುಗ:

ದೀಪಸ್ತಂಭ ಅವರೇ, ಎಫೆಸದ ಬಗ್ಗೆ ನೀವು ಬರೆದ ಮಾತಿಗೆ ಮೊದಲು ನಮಸ್ಕಾರ. ನಿಮ್ಮ ಆಕ್ಷೇಪದ ಮುಖ್ಯ ಭಾಗವನ್ನು ನಾನು ಒಪ್ಪುತ್ತೇನೆ: ಕಥೆ ಮೊದಲು ಮುಟ್ಟುವುದು ಆಸೆಯನ್ನು. ಆದರೆ ಅಲ್ಲಿಂದ ನಿಮ್ಮದಕ್ಕಿಂತ ಬೇರೆಯ ತೀರ್ಮಾನಕ್ಕೆ ಬಂದಿದ್ದೇನೆ.

ಈ ಪುಸ್ತಕಗಳನ್ನು ಸಮರ್ಥಿಸಿದ ಕ್ರೈಸ್ತರು ಸಾಮಾನ್ಯವಾಗಿ ಮುಂದಿಡುವ ವಾದ ಹೀಗಿದೆ. ಅಮೆರಿಕದ ಇವಾಂಜೆಲಿಕಲ್ ನಾಯಕ ಚಾರ್ಲ್ಸ್ ಕೋಲ್ಸನ್ 1999ರಲ್ಲಿ, ಈ ಕಥೆಗಳ ಮಾಯೆ ಯಂತ್ರದಂತೆ ನಡೆಯುವಂಥದ್ದು, ಅಲ್ಲಿ ಯಾರೂ ಅಶುದ್ಧಾತ್ಮಗಳನ್ನು ಕರೆಯುವುದಿಲ್ಲ ಎಂದರು. ಜಾನ್ ಗ್ರೇಂಜರ್ ಎಂಬ ವಿಮರ್ಶಕರು ಇದನ್ನೇ ಬೆಳೆಸಿ, ಒಂದು ಶಕ್ತಿಯನ್ನು ಆವಾಹನೆ ಮಾಡಿಕೊಳ್ಳುವ ಮಾಯೆ ಬೇರೆ, ಸೃಷ್ಟಿಯ ಲಯದೊಡನೆ ಮಾತನ್ನು ಹೊಂದಿಸುವ ಮಾಯೆ ಬೇರೆ ಎಂದು ವಿಂಗಡಿಸಿದರು. ಈ ವಿಂಗಡಣೆಯಲ್ಲಿ ಸತ್ಯವಿದೆ. ಆದರೆ ಇಷ್ಟಕ್ಕೇ ನಿಂತರೆ ಸಾಲದು. ಯಾರನ್ನೂ ಆವಾಹನೆ ಮಾಡದೆಯೂ ಮನುಷ್ಯ ಮಾಟಗಾರನ ಮನಸ್ಸನ್ನು ಬೆಳೆಸಿಕೊಳ್ಳಬಲ್ಲ.

ಆ ಮನಸ್ಸು ಯಾವುದೆಂದು ಸಿ. ಎಸ್. ಲೂಯಿಸ್ 1943ರ ‘ದಿ ಅಬಾಲಿಷನ್ ಆಫ್ ಮ್ಯಾನ್’ ಎಂಬ ಸಣ್ಣ ಪುಸ್ತಕದಲ್ಲಿ ಬರೆದಿದ್ದಾರೆ. ಹಿಂದಿನ ಜ್ಞಾನಿಗಳಿಗೆ ಮುಖ್ಯ ಪ್ರಶ್ನೆ, ಆತ್ಮವನ್ನು ಇರುವ ಸತ್ಯಕ್ಕೆ ಹೊಂದಿಸುವುದು ಹೇಗೆ ಎಂಬುದಾಗಿತ್ತು. ಮಾಂತ್ರಿಕನಿಗೂ ಅನ್ವಯಿಕ ವಿಜ್ಞಾನಕ್ಕೂ ಪ್ರಶ್ನೆ, ಇರುವುದನ್ನು ತನ್ನ ಇಚ್ಛೆಗೆ ಬಗ್ಗಿಸುವುದು ಹೇಗೆ ಎಂಬುದು. ಹದಿನಾರು, ಹದಿನೇಳನೆಯ ಶತಮಾನಗಳ ಯುರೋಪಿನಲ್ಲಿ ಮಾಂತ್ರಿಕವಿದ್ಯೆಯೂ ಪ್ರಯೋಗವಿಜ್ಞಾನವೂ ಒಂದೇ ಹಂಬಲದಿಂದ ಹುಟ್ಟಿ ಜೊತೆಯಾಗಿ ಬೆಳೆದವು, ಒಂದು ಫಲ ಕೊಟ್ಟಿತು, ಇನ್ನೊಂದು ಕೊಡಲಿಲ್ಲ ಎಂದು ಅವರು ಹೇಳುತ್ತಾರೆ. ಇದನ್ನು ಓದಿದ ಮೇಲೆ ಕಥೆಯಲ್ಲಿ ಮಾಯಾದಂಡ ಇದೆಯೇ ಎಂದು ಹುಡುಕುವುದನ್ನು ನಾನು ಬಿಟ್ಟೆ. ಆ ಶಕ್ತಿ ಯಾರ ಮೇಲೆ ಪ್ರಯೋಗವಾಗುತ್ತದೆ, ಪ್ರಯೋಗಿಸಿದವನನ್ನು ಅದು ಏನು ಮಾಡುತ್ತದೆ ಎಂಬುದನ್ನು ನೋಡುತ್ತೇನೆ.

ಲೂಯಿಸ್ ತಮ್ಮ ನಾರ್ನಿಯಾ ಕಥೆಗಳಲ್ಲಿಯೇ ಇದನ್ನು ಕಾಣಿಸಿದ್ದಾರೆ. 1952ರ ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’ನಲ್ಲಿ ಲೂಸಿ ಎಂಬ ಹುಡುಗಿ ಮಾಂತ್ರಿಕನ ಮನೆಯ ಮಾಳಿಗೆ ಹತ್ತಿ, ಅಲ್ಲಿನ ಮಂತ್ರಪುಸ್ತಕದ ಹಾಳೆಗಳನ್ನು ಒಬ್ಬಳೇ ತಿರುವುತ್ತಾಳೆ. ತನ್ನನ್ನು ಲೋಕದ ಎಲ್ಲರಿಗಿಂತ ಸುಂದರಿಯಾಗಿ ಮಾಡುವ ಮಂತ್ರ ಸಿಗುತ್ತದೆ. ಹೇಳಿಯೇಬಿಡಬೇಕು ಎನ್ನುವಷ್ಟರಲ್ಲಿ ಹಾಳೆಯ ನಡುವಿನಿಂದ ಸಿಂಹದ ಮುಖ ಗುರುಗುಟ್ಟುತ್ತ ಅವಳನ್ನು ದಿಟ್ಟಿಸುತ್ತದೆ. ಹೆದರಿ ಹಾಳೆ ತಿರುವುತ್ತಾಳೆ. ಮುಂದಿನದು ಗೆಳೆಯರು ತನ್ನ ಬಗ್ಗೆ ಏನನ್ನುತ್ತಾರೆ ಎಂದು ತಿಳಿಸುವ ಮಂತ್ರ. ಅದನ್ನು ಮಾತ್ರ ತಡೆಯಲಾರದೆ ಹೇಳಿಬಿಡುತ್ತಾಳೆ, ಗೆಳತಿಯೊಬ್ಬಳು ಇನ್ನೊಬ್ಬಳ ಎದುರು ತನ್ನನ್ನು ಹಗುರಾಗಿ ಆಡುವುದನ್ನು ಕೇಳುತ್ತಾಳೆ, ಆ ಸ್ನೇಹ ಅವಳ ಮನಸ್ಸಿನಲ್ಲಿ ಅಲ್ಲಿಗೇ ಮುರಿಯುತ್ತದೆ. ಆಮೇಲೆ ಸಿಂಹ ಅವಳಿಗೆ ಹೇಳುವುದೇನೆಂದರೆ, ಆ ಗೆಳತಿ ದುರ್ಬಲಳಾಗಿದ್ದಳು, ತನಗಿಂತ ದೊಡ್ಡ ಹುಡುಗಿಗೆ ಹೆದರಿ ಮನಸ್ಸಿನಲ್ಲಿಲ್ಲದ ಮಾತನ್ನು ಆಡಿದಳು ಎಂದು. ಮಂತ್ರ ಕೇಳಿಸಿದ್ದು ಸುಳ್ಳಲ್ಲ, ಆದರೂ ಅದು ನಿಜವನ್ನು ತಿಳಿಸಲಿಲ್ಲ. ಶ್ರದ್ಧಾವಂತ ಲೇಖಕನೊಬ್ಬ ಮಗುವಿನ ಕೈಗೇ ಮಂತ್ರಪುಸ್ತಕ ಕೊಟ್ಟು, ಕದ್ದು ತಿಳಿಯುವ ಆಸೆಯ ಬೆಲೆಯನ್ನು ಹೀಗೆ ಕಾಣಿಸಿದ್ದಾನೆ. ಮಂತ್ರವೇ ಇರಬಾರದು ಎಂದಿದ್ದರೆ ಈ ಪ್ರಸಂಗವೂ ಇರುತ್ತಿರಲಿಲ್ಲ.

1968ರಲ್ಲಿ ಉರ್ಸುಲಾ ಲೆ ಗ್ವಿನ್ ಬರೆದ ‘ಎ ವಿಜರ್ಡ್ ಆಫ್ ಅರ್ತ್‌ಸೀ’ಯೂ ಇದೇ ದಿಕ್ಕಿನದು, ಅದರ ಹಿನ್ನೆಲೆ ಕ್ರೈಸ್ತವಲ್ಲ, ಚೀನಾದ ದಾವೋ ಚಿಂತನೆ. ಅಲ್ಲಿ ಹುಡುಗನೊಬ್ಬ ಜಂಬಕ್ಕಾಗಿ ಸತ್ತವಳೊಬ್ಬಳ ಆತ್ಮವನ್ನು ಕರೆಯುತ್ತಾನೆ. ಅವಳ ಜೊತೆಗೆ ಒಂದು ನೆರಳೂ ಹೊರಗೆ ನುಗ್ಗಿ ಅವನನ್ನೇ ಬೇಟೆಯಾಡತೊಡಗುತ್ತದೆ. ಏಂದೋರಿನ ನಿಷೇಧವನ್ನು ಇದಕ್ಕಿಂತ ಗಟ್ಟಿಯಾಗಿ ಮಗುವಿಗೆ ಮನದಟ್ಟು ಮಾಡಿಸುವ ಕಥೆಯನ್ನು ನಾನು ಓದಿಲ್ಲ. ಹ್ಯಾರಿ ಪಾಟರ್ ಸರಣಿಯ ಕೊನೆಯ ಪುಸ್ತಕದಲ್ಲಿಯೂ, ಸತ್ತ ಪ್ರಿಯತಮೆಯನ್ನು ಕಲ್ಲೊಂದರ ಬಲದಿಂದ ಹಿಂದಕ್ಕೆ ಕರೆದವನು ನೆಮ್ಮದಿ ಕಾಣದೆ ತನ್ನ ಪ್ರಾಣವನ್ನೇ ಕಳೆದುಕೊಳ್ಳುತ್ತಾನೆ. ಆ ಪುಸ್ತಕದ ಸ್ಮಶಾನದಲ್ಲಿರುವ ಎರಡು ಸಮಾಧಿಗಳ ಮೇಲೆ ಕೆತ್ತಿರುವುದು ಬೈಬಲಿನ ಮಾತುಗಳನ್ನೇ: ಒಂದು ಮತ್ತಾಯನ ಸುವಾರ್ತೆಯದು, ನಿನ್ನ ಸಂಪತ್ತು ಇರುವಲ್ಲಿಯೇ ನಿನ್ನ ಹೃದಯವೂ ಇರುವುದು ಎಂಬುದು; ಇನ್ನೊಂದು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯದು, ಕಡೆಯ ಶತ್ರುವಾದ ಮರಣವು ನಾಶವಾಗುವುದು ಎಂಬುದು.

ದೀಪಸ್ತಂಭ:

ಹಳೆಯ ಓದುಗರೇ, ಲೂಸಿಯ ಪ್ರಸಂಗವನ್ನು ನನ್ನ ಮಕ್ಕಳಿಗೆ ನಾನೇ ಓದಿ ಹೇಳಿದ್ದೇನೆ, ಅದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ನಾರ್ನಿಯಾದಲ್ಲಿ ಶಕ್ತಿಯ ಮೇಲೆ ಒಬ್ಬ ಒಡೆಯನಿದ್ದಾನೆ. ಆ ಸಿಂಹ ಗುರುಗುಟ್ಟಿದ್ದರಿಂದಲೇ ಹುಡುಗಿ ಹಾಳೆ ತಿರುವಿದಳು.

ಆದರೆ ನೀವು ಕೊಟ್ಟ ಅಳತೆಗೋಲನ್ನೇ ಹಿಡಿದು ಹ್ಯಾರಿ ಪಾಟರ್ ಸರಣಿಯನ್ನು ಅಳೆಯೋಣ. ಆ ಲೋಕದಲ್ಲಿ ಕ್ಷಮೆಯೇ ಇಲ್ಲದ ಶಾಪಗಳು ಮೂರು: ಕೊಲ್ಲುವುದು, ಚಿತ್ರಹಿಂಸೆ ಕೊಡುವುದು, ಇನ್ನೊಬ್ಬರ ಇಚ್ಛೆಯನ್ನು ವಶಮಾಡಿಕೊಳ್ಳುವುದು. ಇನ್ನೊಬ್ಬರನ್ನು ತನ್ನ ಇಚ್ಛೆಗೆ ಬಗ್ಗಿಸುವುದೇ ಪಾಪ ಎಂಬ ನಿಮ್ಮ ಮಾತಿಗೆ ಇದು ಸರಿಯಾಗಿ ಹೊಂದುತ್ತದೆ. ಆದರೆ ಐದನೆಯ ಪುಸ್ತಕದಲ್ಲಿ ನಾಯಕನೇ ಸಿಟ್ಟಿನಲ್ಲಿ ಚಿತ್ರಹಿಂಸೆಯ ಶಾಪಕ್ಕೆ ಕೈಹಾಕುತ್ತಾನೆ. ಏಳನೆಯದರಲ್ಲಿ ಬ್ಯಾಂಕಿನೊಳಗೆ ನುಗ್ಗಲು ವಶೀಕರಣದ ಶಾಪ ಹಾಕುತ್ತಾನೆ, ಮುಂದೆ ತನ್ನ ಗುರುವಿನ ಮುಖಕ್ಕೆ ಉಗಿದವನ ಮೇಲೆ ಚಿತ್ರಹಿಂಸೆಯ ಶಾಪವನ್ನು ಯಶಸ್ವಿಯಾಗಿಯೇ ಪ್ರಯೋಗಿಸುತ್ತಾನೆ. ಆ ಗುರು ಅದನ್ನು ವೀರೋಚಿತವೆಂದು ಮೆಚ್ಚುತ್ತಾಳೆ. ಕಥೆ ಅವನನ್ನು ಒಂದು ಕ್ಷಣವೂ ನಿಲ್ಲಿಸಿ ಕೇಳುವುದಿಲ್ಲ. ಅಲ್ಲಿ ಗುರುಗುಟ್ಟುವ ಸಿಂಹ ಎಲ್ಲಿದೆ? ಒಳ್ಳೆಯವರು ಮಾಡಿದರೆ ಕ್ಷಮೆ ಇದೆ ಎಂದು ಓದುವ ಹುಡುಗ ಅರ್ಥಮಾಡಿಕೊಂಡರೆ, ಆ ತಪ್ಪನ್ನು ಅವನ ಮೇಲೆ ಹೊರಿಸಲಾರೆ.

ಹಳೆಯ ಓದುಗ:

ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆ ಪ್ರಸಂಗ ಆ ಪುಸ್ತಕದ ನೈತಿಕ ದೋಷವೆಂದೇ ನನಗೂ ಅನಿಸುತ್ತದೆ, ಅದನ್ನು ಸಮರ್ಥಿಸಲಾರೆ. ಒಂದನ್ನು ಮಾತ್ರ ಗಮನಕ್ಕೆ ತರುತ್ತೇನೆ: ನೀವು ತೋರಿಸಿದ ದೋಷ ಮಾಯೆ ಇರುವುದರದ್ದಲ್ಲ. ನಾಯಕನ ಕೈಯಲ್ಲಿ ಮಾಯಾದಂಡದ ಬದಲು ಕೋವಿ ಇದ್ದಿದ್ದರೂ ಆಕ್ಷೇಪ ಇದೇ ಆಗಿರುತ್ತಿತ್ತು, ಅಷ್ಟೇ ಬಲವಾಗಿಯೂ ಇರುತ್ತಿತ್ತು. ಇಂಥ ಆಕ್ಷೇಪವನ್ನು ಯಾವ ಧರ್ಮದ ಓದುಗನೂ, ಧರ್ಮವಿಲ್ಲದವನೂ ಕೇಳಿ ಒಪ್ಪಬಲ್ಲ.

ನದೀತೀರ:

ಮುಸ್ಲಿಂ ಓದುಗನಾಗಿ ಒಂದೆರಡು ಮಾತು. ಮಾಟವನ್ನು ದೊಡ್ಡ ಪಾಪಗಳಲ್ಲಿ ಒಂದೆಂದು ನಮ್ಮ ಪರಂಪರೆಯೂ ಎಣಿಸುತ್ತದೆ. ಕುರ್‌ಆನಿನ ಎರಡನೆಯ ಅಧ್ಯಾಯದ 102ನೆಯ ವಚನದಲ್ಲಿ ಬಾಬೆಲಿನ ಹಾರೂತ್ ಮತ್ತು ಮಾರೂತ್ ಎಂಬ ದೇವದೂತರು ‘ನಾವು ಕೇವಲ ಪರೀಕ್ಷೆ, ನೀನು ಸತ್ಯವನ್ನು ನಿರಾಕರಿಸಬೇಡ’ ಎಂದು ಎಚ್ಚರಿಸದೆ ಯಾರಿಗೂ ಏನನ್ನೂ ಕಲಿಸುತ್ತಿರಲಿಲ್ಲ ಎಂದಿದೆ. ಜನ ಅವರಿಂದ ಕಲಿತದ್ದು ಗಂಡಹೆಂಡಿರನ್ನು ಬೇರ್ಪಡಿಸುವ ವಿದ್ಯೆಯನ್ನು. ಮಾಟದಿಂದಾಗುವ ಹಾನಿಗೆ ಗ್ರಂಥ ಆರಿಸಿಕೊಂಡ ಉದಾಹರಣೆ ಇನ್ನೊಬ್ಬರ ಸಂಬಂಧವನ್ನು ಒಡೆಯುವುದು ಎಂಬುದು, ಮೇಲೆ ಹಳೆಯ ಓದುಗರು ಹೇಳಿದ ಅಳತೆಗೆ ಹತ್ತಿರವಾಗಿದೆ. 2002ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಖಾಸಗಿ ಶಾಲೆಗಳಲ್ಲಿ ಹ್ಯಾರಿ ಪಾಟರ್ ಪುಸ್ತಕಗಳನ್ನು ನಿಷೇಧಿಸಿತ್ತು. ಇದನ್ನು ಅಮೆರಿಕದ ಒಂದು ಪಂಗಡದ ವಿಚಿತ್ರ ಭಯವೆಂದು ಯಾರೂ ತಿಳಿಯದಿರಲಿ ಎಂದು ಹೇಳಿದೆ.

ಬಾಲಬೋಧೆ:

ಮಕ್ಕಳ ಕಲಿಕೆಯ ಕ್ಷೇತ್ರದಲ್ಲಿರುವುದರಿಂದ ಒಂದು ಅಧ್ಯಯನದ ಬಗ್ಗೆ ಹೇಳಬೇಕೆನಿಸಿತು. ಕ್ಯಾಥ್ಲೀನ್ ಕೊರಿವೋ, ಈವಾ ಚೆನ್ ಮತ್ತು ಪಾಲ್ ಹ್ಯಾರಿಸ್ 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಐದಾರು ವರ್ಷದ ಮಕ್ಕಳಿಗೆ ಕಥೆಗಳನ್ನು ಹೇಳಿ, ಇದರಲ್ಲಿ ಬರುವವರು ನಿಜವಾಗಿಯೂ ಇದ್ದವರೋ ಕಲ್ಪನೆಯವರೋ ಎಂದು ಕೇಳಲಾಯಿತು. ಸಾಮಾನ್ಯ ಘಟನೆಗಳ ಕಥೆಯಲ್ಲಿ ಎಲ್ಲ ಮಕ್ಕಳೂ ಪಾತ್ರ ನಿಜವೆಂದರು. ಅಸಾಧ್ಯವಾದದ್ದು ನಡೆಯುವ ಕಥೆಯಲ್ಲಿ ಮಾತ್ರ, ಚರ್ಚಿನಲ್ಲಾಗಲಿ ಧಾರ್ಮಿಕ ಶಾಲೆಯಲ್ಲಾಗಲಿ ಧರ್ಮಬೋಧೆ ಪಡೆದ ಮಕ್ಕಳು ಪಾತ್ರವನ್ನು ನಿಜವೆನ್ನುವ ಸಾಧ್ಯತೆ ಉಳಿದವರಿಗಿಂತ ಹೆಚ್ಚಾಗಿತ್ತು.

ಇದನ್ನು ಕೆಲವರು ಧಾರ್ಮಿಕ ಕುಟುಂಬಗಳನ್ನು ಹೀಗಳೆಯಲು ಬಳಸಿದರು. ಹಾಗೆ ಓದುವುದು ತಪ್ಪು. ಸಮುದ್ರ ಇಬ್ಭಾಗವಾದದ್ದನ್ನು ನಡೆದ ಸಂಗತಿಯೆಂದು ಕೇಳಿ ಬೆಳೆದ ಮಗು, ಅಸಾಧ್ಯವಾದದ್ದು ಬಂದ ಮಾತ್ರಕ್ಕೆ ಕಥೆಯನ್ನು ಕಲ್ಪನೆಯೆಂದು ತೀರ್ಮಾನಿಸುವುದಿಲ್ಲ. ಅದಕ್ಕೆ ಗೊತ್ತಿರುವುದರ ಮಟ್ಟಿಗೆ ಅದು ಸರಿಯಾದ ತರ್ಕವೇ. ನಾನು ಇದರಿಂದ ತಿಳಿದುಕೊಂಡದ್ದು, ಐದಾರರ ವಯಸ್ಸಿನಲ್ಲಿ ಇಂಥ ಮನೆಗಳ ತಂದೆತಾಯಿಗಳು ಹೆಚ್ಚು ಎಚ್ಚರ ವಹಿಸುವುದಕ್ಕೆ ಕಾರಣವಿದೆ ಎಂಬುದನ್ನು. ಯಾವುದು ನಾವು ನಂಬುವ ಚರಿತ್ರೆ, ಯಾವುದು ಒಬ್ಬರು ಕೂತು ಕಟ್ಟಿದ ಕಥೆ ಎಂದು ಆ ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹತ್ತರ ವಯಸ್ಸಿನ ಮಗುವಿನ ವಿಷಯ ಬೇರೆ.

ಅಕ್ಷರಬೀಜ:

ಎಲ್ಲರಿಗೂ ಕೃತಜ್ಞತೆ. ಪುಸ್ತಕಕಪಾಟು ಅವರು ಎಳೆದ ಗೆರೆಯ ಬಗ್ಗೆ ಸ್ವಲ್ಪ ಬರೆಯಬೇಕು, ಏಕೆಂದರೆ ಅದು ಕಾಣುವಷ್ಟು ನೇರವಾಗಿಲ್ಲ.

ತನ್ನ ಮಗುವನ್ನು ಒಂದು ಓದಿನಿಂದ ದೂರವಿಡುವುದು, ಪುಸ್ತಕವನ್ನು ಎಲ್ಲರಿಂದ ದೂರವಿಡುವುದು, ಇವೆರಡೂ ಬೇರೆ ಎಂಬುದು ಗ್ರಂಥಾಲಯದ ಮಟ್ಟಿಗೆ ಸ್ಪಷ್ಟ. ತರಗತಿಯಲ್ಲಿ ಹಾಗಲ್ಲ, ಎಲ್ಲರೂ ಒಟ್ಟಿಗೆ ಓದುವ ಪಾಠದಿಂದ ಒಂದು ಮಗು ಎದ್ದುಹೋಗಬೇಕಾದರೆ ಅದಕ್ಕೂ ಹಣೆಪಟ್ಟಿ ಅಂಟುತ್ತದೆ. ಸೀಡರ್‌ವಿಲ್‌ನಲ್ಲಿ ಓದಬಯಸಿದ ಹುಡುಗಿಗೆ ಆದ ಮುಜುಗರವೇ ಇಲ್ಲಿ ಓದಲೊಲ್ಲದ ಮಗುವಿಗೆ ಆಗುತ್ತದೆ. ಅಮೆರಿಕದ ನ್ಯಾಯಾಲಯಗಳೂ ಈ ವಿಷಯದಲ್ಲಿ ಒಂದೇ ಕಡೆ ನಿಂತಿಲ್ಲ. 1987ರಲ್ಲಿ ಹಾಕಿನ್ಸ್ ಕೌಂಟಿಯ ಕುಟುಂಬಗಳಿಗೆ ಸಿಗದ ವಿನಾಯಿತಿಯಂಥದೇ ವಿನಾಯಿತಿಯನ್ನು, ಬೇರೆ ವಿಷಯದ ಕಥೆಪುಸ್ತಕಗಳ ಕುರಿತು ಮೇರಿಲ್ಯಾಂಡಿನ ಪೋಷಕರು ಹೂಡಿದ ಮೊಕದ್ದಮೆಯಲ್ಲಿ, 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪೋಷಕರ ಪರವಾಗಿ ಎತ್ತಿಹಿಡಿಯಿತು. ಆ ಪ್ರಕರಣದ ವಿವರ ಇಲ್ಲಿ ಬೇಡ. ಪಾಠದಿಂದ ವಿನಾಯಿತಿ ಕೇಳುವ ಕುಟುಂಬವನ್ನು ಪುಸ್ತಕ ಸುಡುವವರ ಸಾಲಿಗೆ ಸೇರಿಸಬಾರದು ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಆ ಕುಟುಂಬ ಇನ್ನೊಬ್ಬರ ಮಗುವಿನ ಕೈಯಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ.

ಚರ್ಚ್ ತಾನೇ ನಡೆಸುವ ಶಾಲೆಯದು ಇನ್ನೊಂದು ಬಗೆ. 2019ರಲ್ಲಿ ನ್ಯಾಶ್‌ವಿಲ್‌ನ ಒಂದು ಕ್ಯಾಥೊಲಿಕ್ ಶಾಲೆಯ ಗ್ರಂಥಾಲಯದಿಂದ ಅಲ್ಲಿನ ಪಾದ್ರಿ ಹ್ಯಾರಿ ಪಾಟರ್ ಪುಸ್ತಕಗಳನ್ನು ತೆಗೆಸಿ, ಅವುಗಳಲ್ಲಿರುವ ಶಾಪಗಳೂ ಮಂತ್ರಗಳೂ ನಿಜವಾದವು, ಓದಿದರೆ ದುಷ್ಟಶಕ್ತಿಗಳು ಬರುವ ಅಪಾಯವಿದೆ ಎಂದು ಬರೆದರು. ತೆಗೆಸುವ ಅಧಿಕಾರ ಅವರಿಗಿತ್ತು. ಆದರೆ ಕೊಟ್ಟ ಕಾರಣ ನನಗೆ ಒಪ್ಪಿಗೆಯಿಲ್ಲ. ಲ್ಯಾಟಿನ್ನನ್ನು ಹೋಲುವ, ಲೇಖಕಿ ತಾನೇ ಹೊಸೆದ ಪದಗಳನ್ನು ಉಚ್ಚರಿಸಿದ ಮಾತ್ರಕ್ಕೆ ಶಕ್ತಿಗಳು ಓಗೊಡುತ್ತವೆ ಎನ್ನುವುದಾದರೆ, ಅದು ಮಾತಿಗೇ ಸ್ವತಂತ್ರವಾದ ಮಾಂತ್ರಿಕಬಲವಿದೆ ಎಂದು ನಂಬಿದಂತೆ. ದೀಪಸ್ತಂಭ ಅವರು ಮಂಡಿಸಿದ ಆಕ್ಷೇಪ ಅದಕ್ಕಿಂತ ಎಷ್ಟೋ ಆಳವಾದದ್ದು, ಶ್ರದ್ಧೆಗೂ ಹೆಚ್ಚು ನಿಷ್ಠವಾದದ್ದು.

ದೀಪಸ್ತಂಭ:

ಆ ಪಾದ್ರಿಯ ಬಗ್ಗೆ ನಾನು ನಿಮ್ಮಷ್ಟು ಖಡಾಖಂಡಿತವಾಗಿ ಹೇಳಲಾರೆ. ತನಗೆ ಒಪ್ಪಿಸಿದ ಮಕ್ಕಳ ಹೊಣೆ ಅವರದು. ಆದರೆ ಉಚ್ಚಾರಣೆಯ ಮಾತು ಸರಿ ಎನಿಸುತ್ತದೆ.

ಪುಸ್ತಕಕಪಾಟು ಅವರಲ್ಲಿ ಒಂದು ನೇರ ಪ್ರಶ್ನೆ. ನನ್ನ ದೊಡ್ಡ ಮಗಳಿಗೆ ಈಗ ಒಂಬತ್ತು ವರ್ಷ. ಅವಳ ಗೆಳತಿಯರೆಲ್ಲ ಈ ಸರಣಿ ಓದುತ್ತಿದ್ದಾರೆ, ಅವಳೂ ಕೇಳುತ್ತಿದ್ದಾಳೆ. ಓದಿಸುವುದೇ ಆದರೆ ಎಲ್ಲಿ ನಿಲ್ಲಿಸಬೇಕು? ನನ್ನ ಬಗೆಯ ಕುಟುಂಬಕ್ಕೆ ನಿಜವಾಗಿ ತೊಡಕಾಗುವ ಜಾಗ ಯಾವುದು?

ಪುಸ್ತಕಕಪಾಟು:

ನಾಲ್ಕನೆಯ ಪುಸ್ತಕದ ಕೊನೆಯ ಭಾಗ. ಮೊದಲ ಮೂರರಲ್ಲಿ ಮಾಯೆ ಬಹುಪಾಲು ಶಾಲೆಯ ಜಾಣತನ ಮತ್ತು ತಮಾಷೆಯ ಮಟ್ಟದಲ್ಲಿದೆ, ಹೆದರಿಕೆಯ ಪ್ರಸಂಗಗಳಿದ್ದರೂ. 2000ದಲ್ಲಿ ಬಂದ ನಾಲ್ಕನೆಯದರಲ್ಲಿ ಸ್ಮಶಾನದ ಒಂದು ವಿಧಿ ಬರುತ್ತದೆ: ದೊಡ್ಡ ಕೊಪ್ಪರಿಗೆಯೊಳಕ್ಕೆ ತಂದೆಯ ಮೂಳೆ, ತನ್ನ ಕೈಯನ್ನೇ ಕತ್ತರಿಸಿ ಸೇವಕನು ಕೊಡುವ ಮಾಂಸ, ಕಟ್ಟಿಹಾಕಿದ ಹುಡುಗನಿಂದ ಬಲವಂತವಾಗಿ ತೆಗೆದ ರಕ್ತ. ಹೆಸರಿಗೆ ಮಾಯೆ, ರೂಪದಲ್ಲಿ ಅದೊಂದು ಪೂಜೆ. ಇನ್ನೊಬ್ಬರ ರಕ್ತದಿಂದ ತನ್ನ ದೇಹವನ್ನು ಕಟ್ಟಿಕೊಳ್ಳುವ ಈ ವಿಧಿಯಲ್ಲಿ, ಕ್ರಿಸ್ತನ ದೇಹ ಮತ್ತು ರಕ್ತವೆಂದು ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ಪ್ರಭುಭೋಜನದ ಬೇಕೆಂದೇ ತಿರುಚಿದ ರೂಪವನ್ನು ಕೆಲವು ಕ್ರೈಸ್ತ ಓದುಗರು ಕಾಣುತ್ತಾರೆ, ಹಾಗೆ ಕಂಡರೆ ಅದು ಅತಿಯೆಂದು ನನಗನಿಸುವುದಿಲ್ಲ. ಅದನ್ನು ಮಾಡುವವನು ಮರಣಕ್ಕೆ ಹೆದರಿ ಓಡುತ್ತಿರುವವನು ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ. ಅದಕ್ಕೆ ಎದುರಾಗಿ ಏಳನೆಯ ಪುಸ್ತಕದಲ್ಲಿ ನಾಯಕನು ಇತರರಿಗಾಗಿ ಪ್ರಾಣ ಕೊಡಲು, ಮಾಯಾದಂಡವನ್ನು ಒಳಗಿಟ್ಟುಕೊಂಡು ಕಾಡಿನೊಳಕ್ಕೆ ನಡೆದುಹೋಗುತ್ತಾನೆ. ಒಂದು ಓದಿದವರು ಇನ್ನೊಂದನ್ನೂ ಓದಲೇಬೇಕು. ಆದರೆ ಒಂಬತ್ತರ ಮಗುವಿಗೆ ನಡುವೆ ದಾಟಬೇಕಾದ ಪುಟಗಳು ಬಹಳ.

ನನ್ನ ಸಲಹೆ ಕೇಳಿದರೆ, ಈಗ ಮೂರು ಪುಸ್ತಕ ಓದಲಿ, ಅಥವಾ ಒಂದೂ ಬೇಡವೆಂದರೆ ನಾರ್ನಿಯಾ ಇದೆ, ಅರ್ತ್‌ಸೀಗೆ ಇನ್ನೆರಡು ವರ್ಷ ಕಾಯಬಹುದು. ನಾಲ್ಕನೆಯದನ್ನು ಕೊಡುವ ಮೊದಲು ನೀವು ಓದಿಕೊಳ್ಳಿ, ಸ್ಮಶಾನದ ಅಧ್ಯಾಯದ ದಿನ ಪಕ್ಕದಲ್ಲಿ ಕುಳಿತಿರಿ.

ದೀಪಸ್ತಂಭ:

ಮೂರನೆಯದರವರೆಗೆ ಓದಲು ಬಿಡುತ್ತೇನೆ. ನಾಲ್ಕನೆಯದನ್ನು ನಾನು ಮೊದಲು ಓದಿ ತೀರ್ಮಾನಿಸುತ್ತೇನೆ. ತೀರ್ಮಾನ ‘ಬೇಡ’ ಎಂದೂ ಆಗಬಹುದು. ಏಳನೆಯದು ಮುಂದೆ ಎಂದಾದರೂ ಅವಳ ಕೈಸೇರಿದರೆ, ಉಗಿದವನ ಮೇಲೆ ಹಾಕಿದ ಆ ಶಾಪ ಸರಿಯೇ ಎಂದು ಅವಳನ್ನೇ ಕೇಳುತ್ತೇನೆ. ಕಥೆ ಅವನನ್ನು ಕೇಳದಿದ್ದರೆ, ನಾವಾದರೂ ಕೇಳಬೇಕಲ್ಲ.